ಮೇದಸ್ಸಿನ ಹಾರ್ಮೋನುಗಳೂ ಯಕೃತ್ತಿನ ಕೊಬ್ಬೂ

ಕನ್ನಡದಲ್ಲಿ ‘ಕೊಬ್ಬು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಶರೀರದಲ್ಲಿ ಸಂಚಿತವಾಗುವ ಜಿಡ್ಡಿನ ಪದಾರ್ಥವೆಂಬುದು ಒಂದು. ಮದ, ಸೊಕ್ಕು ಎಂಬುದು ಇನ್ನೊಂದು. ‘ಅವನಿಗೆ ಮೈಯೆಲ್ಲ ಕೊಬ್ಬು’ ಎಂದು ಜನರು ಆಡಿಕೊಳ್ಳುವಾಗ ಅವರ ದೃಷ್ಟಿ ಆ ಮನುಷ್ಯನ ದೇಹದ ಮೇಲಿರುವುದಕ್ಕಿಂತ ಹೆಚ್ಚಾಗಿ ಅವನ ನಡತೆಯ ಮೇಲಿರುತ್ತದೆ. ಹಳೆಯ ಶಬ್ದವಾದ ‘ನೆಣ’ವೂ ಕೊಬ್ಬಿನೊಡನೆ ಸಮಾಸಗೊಂಡು ‘ನೆಣಗೊಬ್ಬು’ ಆದಾಗ ಅದೇ ನಿಂದೆಗೆ ಗುರಿಯಾಯಿತು. ಭಾಷೆಯಲ್ಲಿ ಬೇರೂರಿದ ಈ ತಿರಸ್ಕಾರವು ಶಾಸ್ತ್ರದ ವಿಚಾರದಲ್ಲಿಯೂ ಬಹುಕಾಲ ನಿಂತಿತ್ತು. ಮಾಂಸಖಂಡ ದುಡಿಯುತ್ತದೆ, ಹೃದಯ ಬಡಿಯುತ್ತದೆ, ಮಿದುಳು ಯೋಚಿಸುತ್ತದೆ. ಕೊಬ್ಬು ಮಾತ್ರ ಸುಮ್ಮನೆ ಬಿದ್ದುಕೊಂಡಿರುವ ಹೊರೆ ಎಂಬುದು ಸಾಮಾನ್ಯರ ನಂಬಿಕೆಯೂ ಆಗಿತ್ತು, ಪಾಠಪುಸ್ತಕಗಳ ಮತವೂ ಆಗಿತ್ತು.

ಆಯುರ್ವೇದವು ಈ ವಿಷಯದಲ್ಲಿ ಸ್ವಲ್ಪ ಉದಾರ. ಅದು ಮೇದಸ್ಸನ್ನು ಸಪ್ತಧಾತುಗಳಲ್ಲಿ ನಾಲ್ಕನೆಯದಾಗಿ ಎಣಿಸಿ, ದೇಹವನ್ನು ಧರಿಸುವ ಪದಾರ್ಥಗಳ ಸಾಲಿನಲ್ಲಿ ಕೂರಿಸಿತು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲನ ಲಕ್ಷಣವನ್ನು ವಿವರಿಸುವಾಗ ಒಂದು ವಿಚಿತ್ರ ಸಂಗತಿಯನ್ನು ಹೇಳಿದೆ. ಮೇದಸ್ಸು ಮಾರ್ಗಗಳನ್ನು ತಡೆಯುವುದರಿಂದ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಅಗ್ನಿಯನ್ನು ಉದ್ದೀಪಿಸುತ್ತದೆ. ಆದುದರಿಂದ ಸ್ಥೂಲನಿಗೆ ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವಾಗುತ್ತದೆ ಎಂಬುದು ಅದರ ತಾತ್ಪರ್ಯ. ಕೂಡಿಟ್ಟದ್ದು ಬೇಕಾದಷ್ಟಿರುವವನಿಗೇ ಹಸಿವು ಹೆಚ್ಚು ಎಂಬ ಈ ವೈಪರೀತ್ಯವನ್ನು ಪ್ರಾಚೀನರು ಕಣ್ಣಾರೆ ಕಂಡು ಬರೆದಿಟ್ಟರು. ಇಷ್ಟರಿಂದಲೇ ಹಾರ್ಮೋನುಗಳ ವಿಚಾರವೆಲ್ಲ ಚರಕನಿಗೆ ತಿಳಿದಿತ್ತೆಂದು ಸಾಧಿಸ ಹೊರಡುವುದು ಪಾಂಡಿತ್ಯವಲ್ಲ. ಕಂಡದ್ದು ಅವರ ಪಾಲಿಗೆ ಬಂದಿತ್ತು. ಕಾರಣವನ್ನು ಹುಡುಕುವ ಉಪಕರಣಗಳು ನಮ್ಮ ಕಾಲದವರ ಪಾಲಿಗೆ ಬಂದವು.

ಇನ್ನು ಪ್ರಕೃತ ವಿಷಯ. ಯಕೃತ್ತು ಅಥವಾ ಪಿತ್ತಜನಕಾಂಗವು ಪ್ರಾಯದ ಮನುಷ್ಯನಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ, ಬಲಪಕ್ಕೆಯ ಎಲುಬುಗಳ ಮರೆಯಲ್ಲಿರುವ ಅಂಗ. ಅದರ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ಕಾಣಿಸಿಕೊಂಡರೆ ಅದನ್ನು ರೋಗಸ್ಥಿತಿಯೆಂದು ವೈದ್ಯರು ಗಣಿಸುತ್ತಾರೆ. ಇದೇ ‘ಫ್ಯಾಟಿ ಲಿವರ್’ ಎಂದು ಈಗ ಮನೆಮನೆಯ ಮಾತಾಗಿರುವ ಕಾಯಿಲೆ. ಬಹುಮಂದಿಯಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಕೊಬ್ಬು ತುಂಬಿದ ಯಕೃತ್ತಿನಲ್ಲಿ ಉರಿಯೂತ ಹುಟ್ಟಿ, ಕ್ರಮೇಣ ಅದು ನಾರುಗಟ್ಟಿ, ಕಡೆಗೆ ಗಂಟುಗಂಟಾಗಿ ಗಡುಸಾಗುವ ಸಿರೋಸಿಸ್‌ಗೆ ತಿರುಗುತ್ತದೆ. ಮೊದಲ ಹಂತಗಳಲ್ಲಿ ನೋವು ಬಹುಶಃ ಇರುವುದೇ ಇಲ್ಲ. ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ತಿಳಿದುಬರುವುದೇ ಹೆಚ್ಚು.

ಈ ರೋಗವು ಮದ್ಯಪಾನಿಗಳ ಸೊತ್ತೆಂದು ವೈದ್ಯರೂ ಭಾವಿಸಿದ್ದ ಕಾಲವೊಂದಿತ್ತು. 1980ರಲ್ಲಿ ಅಮೆರಿಕದ ಮಿನೆಸೋಟಾ ಪ್ರಾಂತದ ಮೇಯೊ ಕ್ಲಿನಿಕ್ ಎಂಬ ಪ್ರಸಿದ್ಧ ಚಿಕಿತ್ಸಾಲಯದ ಯೂರ್ಗೆನ್ ಲುಡ್ವಿಗ್ ಎಂಬ ತಜ್ಞನೂ ಅವನ ಸಹೋದ್ಯೋಗಿಗಳೂ ಇಪ್ಪತ್ತು ಮಂದಿ ರೋಗಿಗಳ ಯಕೃತ್ತಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ವರದಿಯೊಂದನ್ನು ಪ್ರಕಟಿಸಿದರು. ಕುಡುಕರ ಯಕೃತ್ತಿನಲ್ಲಿ ಕಾಣುವ ಲಕ್ಷಣಗಳೇ ಅವುಗಳಲ್ಲಿದ್ದವು. ಆ ರೋಗಿಗಳು ಮಾತ್ರ ಕುಡಿಯುವವರಾಗಿರಲಿಲ್ಲ. ಅಲ್ಲಿಯವರೆಗೆ ಅಂಥವರ ಮಾತನ್ನು ವೈದ್ಯರು ನಂಬದೆ, ಒಪ್ಪಿಸಿಯೇ ತೀರಬೇಕೆಂದು ಪ್ರಶ್ನಿಸುತ್ತಿದ್ದುದೂ ಉಂಟು. ಮದ್ಯದ ವಾಸನೆಯೇ ಸೋಕದ ಮನೆಯಲ್ಲಿ ಹುಟ್ಟಿ ಬೆಳೆದ ಗೃಹಿಣಿಗೆ ಇಂಥ ರೋಗವೆಂದು ತಿಳಿದಾಗ ಆಕೆಗೂ ಮನೆಯವರಿಗೂ ಆಗುವ ಸಂಕೋಚವನ್ನು ಊಹಿಸಬಹುದು. ಲುಡ್ವಿಗ್ ಅದಕ್ಕೆ ‘ಮದ್ಯೇತರ’ ಎಂಬ ವಿಶೇಷಣವನ್ನು ಕೊಟ್ಟನು. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು ಆ ಹೆಸರನ್ನೂ ಬದಲಿಸಿ, ‘ಚಯಾಪಚಯದ ವಿಕಾರಕ್ಕೆ ಸಂಬಂಧಿಸಿದ ಯಕೃನ್ಮೇದೋರೋಗ’ ಎಂಬ ಅರ್ಥದ ಹೆಸರನ್ನಿಟ್ಟಿತು. ಹಳೆಯ ಹೆಸರಿನಲ್ಲಿದ್ದ ಮದ್ಯವಾಚಕ ಶಬ್ದವೂ ಕೊಬ್ಬನ್ನು ಹೇಳುವ ಇಂಗ್ಲಿಷ್ ಶಬ್ದವೂ ರೋಗಿಗೆ ಕಳಂಕ ತರುತ್ತವೆಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಶಬ್ದಕ್ಕೆ ಅಂಟಿದ ನಿಂದೆ ಕನ್ನಡಕ್ಕೆ ಮಾತ್ರ ಮೀಸಲಲ್ಲವೆಂದಾಯಿತು.

ಯಕೃತ್ತಿನೊಳಗೆ ಸೇರುವ ಕೊಬ್ಬು ಎಲ್ಲಿಂದ ಬರುತ್ತದೆ? ಊಟದ ಎಣ್ಣೆ ತುಪ್ಪಗಳಿಂದ ನೇರವಾಗಿ ಬರುತ್ತದೆಂದು ಬಹುಜನರ ತಿಳಿವಳಿಕೆ. 2005ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಗುರುತು ಹಚ್ಚಿದ ಪರಮಾಣುಗಳುಳ್ಳ ಆಹಾರವನ್ನು ರೋಗಿಗಳಿಗೆ ಕೊಟ್ಟು ಈ ಲೆಕ್ಕವನ್ನು ತೆಗೆದರು. ಯಕೃತ್ತಿನ ಕೊಬ್ಬಿನಲ್ಲಿ ಶೇಕಡಾ 15ರಷ್ಟು ಮಾತ್ರ ಆಗಿನ ಆಹಾರದ ಕೊಬ್ಬಿನಿಂದ ಬಂದುದಾಗಿತ್ತು. ಶೇಕಡಾ 26ರಷ್ಟನ್ನು ಯಕೃತ್ತು ತಾನೇ ಸಕ್ಕರೆ ಮುಂತಾದ ಪದಾರ್ಥಗಳಿಂದ ತಯಾರಿಸಿಕೊಂಡಿತ್ತು. ಉಳಿದ ಶೇಕಡಾ 59ರಷ್ಟು, ಎಂದರೆ ಅರ್ಧಕ್ಕಿಂತ ಹೆಚ್ಚಿನ ಪಾಲು, ದೇಹದ ಮೇದಸ್ಸಿನಿಂದ ಕರಗಿ ರಕ್ತದಲ್ಲಿ ಹರಿದುಬಂದ ಕೊಬ್ಬಿನಾಮ್ಲಗಳಿಂದ ಕೂಡಿದ್ದಾಗಿತ್ತು. ಯಕೃತ್ತಿನ ವ್ಯಾಧಿಗೆ ಮೂಲವನ್ನು ಹುಡುಕುವವರು ಯಕೃತ್ತನ್ನು ಬಿಟ್ಟು ಮೇದಸ್ಸಿನ ಕಡೆಗೆ ತಿರುಗಬೇಕಾದುದು ಈ ಕಾರಣದಿಂದ.

ಮೇದಸ್ಸಿನ ಅಂಗಾಂಶವು ಉತ್ತರ ಕರ್ನಾಟಕದ ಮನೆಗಳ ಹಗೇವಿನಂತೆ. ಸುಗ್ಗಿಯಲ್ಲಿ ತುಂಬಿ, ಬರಗಾಲದಲ್ಲಿ ತೆಗೆಯುವುದು ಅದರ ಕ್ರಮ. ಉಂಡ ಮೇಲೆ ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ನು ಹಗೇವಿನ ಬಾಯಿಗೆ ಚಪ್ಪಡಿ ಮುಚ್ಚುತ್ತದೆ. ಆಗ ಕೊಬ್ಬು ಒಳಗೇ ನಿಲ್ಲುತ್ತದೆ. ಉಪವಾಸದಲ್ಲಿ ಇನ್ಸುಲಿನ್ನು ಇಳಿದು ಚಪ್ಪಡಿ ಸರಿಯುತ್ತದೆ. ಕೊಬ್ಬು ಹೊರಬಂದು ಅಂಗಗಳಿಗೆ ಇಂಧನವಾಗುತ್ತದೆ. ಮೇದಸ್ಸು ಇನ್ಸುಲಿನ್ನಿನ ಮಾತನ್ನು ಕೇಳದೆ ಹೋದರೆ ಉಂಡಾಗಲೂ ಬಾಯಿ ತೆರೆದೇ ಇರುತ್ತದೆ. ಸೋರಿದ ಕೊಬ್ಬು ಯಕೃತ್ತಿಗೆ ಹೋಗಿ ಬೀಳುತ್ತದೆ. ಹೋಲಿಕೆ ಇಲ್ಲಿಯವರೆಗೆ ಸರಿ. ಹಗೇವಿಗೆ ಕಾಳು ಸುರಿಯುವ ಬಾಯುಂಟು, ಮಾತನಾಡುವ ಬಾಯಿಲ್ಲ. ಮೇದಸ್ಸಿಗೆ ಅದೂ ಉಂಟು.

ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದನು. ಪ್ರಚೋದಿಸು, ಚಲಿಸುವಂತೆ ಮಾಡು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಅದು ನಿಷ್ಪನ್ನವಾಗಿದೆ. ಒಂದು ಅಂಗವು ರಕ್ತದ ಮೂಲಕ ದೂರದ ಇನ್ನೊಂದು ಅಂಗಕ್ಕೆ ಕಳುಹಿಸುವ ಓಲೆಯೇ ಹಾರ್ಮೋನು. ಥೈರಾಯಿಡ್, ಪಿಟ್ಯುಟರಿ ಮುಂತಾದ ನಿರ್ನಾಳ ಗ್ರಂಥಿಗಳು ಓಲೆ ಬರೆಯುತ್ತವೆಂದು ತಿಳಿದಿತ್ತು. ಮೇದಸ್ಸೂ ಬರೆಯುತ್ತದೆಂದು ನಿಶ್ಚಯವಾಗಲು ಆ ಶತಮಾನದ ಕೊನೆಯ ದಶಕವೇ ಬರಬೇಕಾಯಿತು. ಅದನ್ನು ತಿಳಿಸಿಕೊಟ್ಟವು ಇಲಿಗಳು.

ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರ್ ಎಂಬ ಕಡಲತೀರದ ಊರಿನಲ್ಲಿ ಜಾಕ್ಸನ್ ಪ್ರಯೋಗಶಾಲೆಯಿದೆ. 1949ರಲ್ಲಿ ಅಲ್ಲಿ ಸಾಕಿದ್ದ ಇಲಿಗಳ ನಡುವೆ, ಹುಟ್ಟಿನಿಂದ ಬಂದ ಯಾವುದೋ ದೋಷದಿಂದ ಎಡೆಬಿಡದೆ ತಿಂದು ಚೆಂಡಿನಂತೆ ಊದಿಕೊಳ್ಳುವ ಇಲಿಗಳು ಕಂಡುಬಂದವು. 1966ರಲ್ಲಿ, ಸ್ಥೂಲತೆಯೊಡನೆ ಮಧುಮೇಹವೂ ಇರುವ ಇನ್ನೊಂದು ತಳಿಯ ವರದಿ ಬಂದಿತು. ಎರಡರ ಯಕೃತ್ತಿನಲ್ಲಿಯೂ ಕೊಬ್ಬು ತುಂಬಿತ್ತು. ಅಲ್ಲಿ ಸಂಶೋಧಕನಾಗಿದ್ದ ಡಗ್ಲಸ್ ಕೋಲ್ಮನ್ ಎಂಬಾತನು ಇವುಗಳ ದೋಷ ರಕ್ತದಲ್ಲಿರುವ ಯಾವುದಾದರೂ ವಸ್ತುವಿಗೆ ಸಂಬಂಧಿಸಿದ್ದೇ ಎಂದು ನೋಡಲು ಎರಡೆರಡು ಇಲಿಗಳ ಪಕ್ಕೆಗಳನ್ನು ಜೋಡಿಸಿ ಹೊಲಿದು, ಒಂದರ ರಕ್ತ ಸ್ವಲ್ಪವಾಗಿ ಇನ್ನೊಂದಕ್ಕೆ ಹರಿಯುವಂತೆ ಮಾಡಿದನು. ಕೇಳಲು ಕ್ರೂರವಾಗಿರುವ ಈ ಪ್ರಯೋಗದಿಂದ ಬಂದ ಫಲ ಮಾತ್ರ ನಿಚ್ಚಳವಾಗಿತ್ತು. ಮೊದಲ ತಳಿಯ ಇಲಿಯನ್ನು ಸಾಧಾರಣ ಇಲಿಗೆ ಜೋಡಿಸಿದಾಗ ಅದು ತಿನ್ನುವುದನ್ನು ತಗ್ಗಿಸಿತು. ಎರಡನೆಯ ತಳಿಯ ಇಲಿಯನ್ನು ಸಾಧಾರಣ ಇಲಿಗೆ ಜೋಡಿಸಿದಾಗ, ಆ ಸಾಧಾರಣ ಇಲಿ ಅನ್ನವನ್ನೇ ತೊರೆದು ಸತ್ತಿತು. ಎರಡು ಸ್ಥೂಲ ತಳಿಗಳನ್ನೂ ಪರಸ್ಪರ ಜೋಡಿಸಿದಾಗ ಮೊದಲ ತಳಿಯದು ಉಪವಾಸ ಬಿದ್ದು ಸತ್ತಿತು. ಎರಡನೆಯದು ಮೊದಲಿನಂತೆಯೇ ತಿನ್ನುತ್ತಿತ್ತು. ಕೋಲ್ಮನ್ ಇದರಿಂದ ಊಹಿಸಿದ್ದು ಇಷ್ಟು: ‘ಸಾಕು’ ಎಂದು ಹೇಳುವ ಒಂದು ವಸ್ತು ರಕ್ತದಲ್ಲಿದೆ. ಮೊದಲ ತಳಿಗೆ ಆ ವಸ್ತುವನ್ನು ತಯಾರಿಸಲು ಬಾರದು, ಬಂದರೆ ಗ್ರಹಿಸಬಲ್ಲದು. ಎರಡನೆಯದು ಅದನ್ನು ಹೇರಳವಾಗಿ ತಯಾರಿಸುತ್ತದೆ, ಗ್ರಹಿಸಲಾರದು. ಒಂದು ಮೂಕ, ಇನ್ನೊಂದು ಕಿವುಡು.

ಆ ವಸ್ತು ಯಾವುದೆಂದು ತಿಳಿಯಲು ಮತ್ತೆ ಇಪ್ಪತ್ತು ವರ್ಷಗಳು ಕಳೆದವು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಅವನ ಸಂಗಡಿಗರು ಮೊದಲ ತಳಿಯ ಇಲಿಯಲ್ಲಿ ಕೆಟ್ಟಿದ್ದ ಜೀನನ್ನು ಪತ್ತೆಹಚ್ಚಿದರು. ಅದು ತಯಾರಿಸಬೇಕಾಗಿದ್ದ ಪ್ರೋಟೀನು ಹುಟ್ಟುವ ಸ್ಥಳ ಮೇದಸ್ಸಿನ ಜೀವಕೋಶವೇ ಆಗಿತ್ತು. ತೆಳುವು ಎಂಬ ಅರ್ಥದ ‘ಲೆಪ್ಟೋಸ್’ ಎಂಬ ಗ್ರೀಕ್ ಶಬ್ದದಿಂದ ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು. ಕೊಬ್ಬಿನಿಂದ ಹುಟ್ಟುವ ವಸ್ತುವಿಗೆ ತೆಳುವಿನ ಹೆಸರು! ಮರುವರ್ಷವೇ ಅದನ್ನು ಗ್ರಹಿಸುವ ಕೋಶಭಾಗವೂ ಪತ್ತೆಯಾಗಿ, ಎರಡನೆಯ ತಳಿಯಲ್ಲಿ ಕೆಟ್ಟಿರುವುದು ಅದೇ ಎಂದು ಸ್ಥಿರಪಟ್ಟಿತು. ಕೋಲ್ಮನ್‌ನ ಊಹೆ ಅಕ್ಷರಶಃ ನಿಜವಾಗಿತ್ತು. 2010ರಲ್ಲಿ ಇಬ್ಬರಿಗೂ ಕೂಡಿಯೇ ಲ್ಯಾಸ್ಕರ್ ಪ್ರಶಸ್ತಿ ಬಂದುದು ಯುಕ್ತವಾಗಿತ್ತು.

ಲೆಪ್ಟಿನ್ನನ್ನು ಚುಚ್ಚಿದರೆ ಸ್ಥೂಲಕಾಯರೆಲ್ಲ ತೆಳ್ಳಗಾಗುವರೆಂದು ಆಗ ಜಗತ್ತೇ ನಿರೀಕ್ಷಿಸಿತು. ಹಾಗಾಗಲಿಲ್ಲ. ಸ್ಥೂಲರ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿರುವ ಬದಲು ಹೆಚ್ಚಾಗಿಯೇ ಇತ್ತು. ಅವರ ಮಿದುಳು ಆ ಸಂದೇಶಕ್ಕೆ ಓಗೊಡುತ್ತಿರಲಿಲ್ಲ. ಉಗ್ರಾಣ ತುಂಬಿದ್ದರೂ ಹಸಿವು ಹೋಗದಿರುವುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಿತು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಅತಿ ವಿರಳರಾದ ಕೆಲವರಲ್ಲಿ ಮಾತ್ರ ಚಿಕಿತ್ಸೆ ಆಶ್ಚರ್ಯಕರವಾಗಿ ಫಲಿಸಿತು. ಇಂಗ್ಲೆಂಡಿನಲ್ಲಿದ್ದ ಪಾಕಿಸ್ತಾನ ಮೂಲದ ಒಂದು ಕುಟುಂಬದ ಮಕ್ಕಳಿಬ್ಬರ ವೃತ್ತಾಂತ 1997ರಲ್ಲಿ ಪ್ರಕಟವಾಯಿತು. ಎಂಟು ವರ್ಷದ ಹುಡುಗಿ 86 ಕಿಲೋ, ಎರಡು ವರ್ಷದ ಹುಡುಗ 29 ಕಿಲೋ ತೂಗುತ್ತಿದ್ದರು. ಆ ಹುಡುಗಿ ಲೆಪ್ಟಿನ್ ಚಿಕಿತ್ಸೆಯ ಒಂದೇ ವರ್ಷದಲ್ಲಿ 16 ಕಿಲೋಗಿಂತ ಹೆಚ್ಚು ತೂಕ ಇಳಿದಳು. ಮಗುವಿನ ಹೊಟ್ಟೆಬಾಕತನವೆಂದು ಜನರು ಜರೆದದ್ದು ಒಂದು ಪ್ರೋಟೀನಿನ ಅಭಾವವಾಗಿತ್ತು.

ಯಕೃತ್ತಿನ ದೃಷ್ಟಿಯಿಂದ ಇದಕ್ಕಿಂತಲೂ ಬೋಧಪ್ರದವಾದದ್ದು ಇನ್ನೊಂದು ರೋಗ. ಲಿಪೊಡಿಸ್ಟ್ರೋಫಿ ಎಂಬ ವಿರಳ ವ್ಯಾಧಿಯಲ್ಲಿ ದೇಹದ ಮೇದಸ್ಸು ಹುಟ್ಟಿನಿಂದಲೋ ಅನಂತರವೋ ಇಲ್ಲವಾಗುತ್ತದೆ. ನರಗಳೂ ಸ್ನಾಯುಗಳೂ ಚರ್ಮದ ಕೆಳಗೆ ಎದ್ದು ಕಾಣುವಷ್ಟು ಕೊಬ್ಬಿಲ್ಲದ ದೇಹ ಅವರದು. ಕೊಬ್ಬೇ ರೋಗಕ್ಕೆ ಕಾರಣವಾಗಿದ್ದರೆ ಇವರ ಯಕೃತ್ತು ಎಲ್ಲರಿಗಿಂತ ನಿರ್ಮಲವಾಗಿರಬೇಕಾಗಿತ್ತು. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಅವರ ಯಕೃತ್ತು ಕೊಬ್ಬಿನಿಂದ ದಪ್ಪವಾಗಿ ಊದಿರುತ್ತದೆ, ಮಧುಮೇಹವೂ ತೀವ್ರವಾಗಿರುತ್ತದೆ. ಕೂಡಿಡಲು ಸ್ಥಳವಿಲ್ಲದ್ದರಿಂದ ಕೊಬ್ಬು ಯಕೃತ್ತಿಗೆ ನುಗ್ಗುತ್ತದೆ ಎಂಬುದು ಒಂದು ಸಮಾಧಾನ. ಅದು ನಿಜವೇ, ಆದರೆ ಪೂರ್ಣವಲ್ಲ. ಮೇದಸ್ಸಿಲ್ಲದ ಇಲಿಗಳಿಗೆ ಆರೋಗ್ಯವಂತ ಇಲಿಯ ಮೇದಸ್ಸನ್ನು ಕಸಿಮಾಡಿದಾಗ ಅವುಗಳ ಯಕೃತ್ತು ಸುಧಾರಿಸಿದುದನ್ನು 2000ದಲ್ಲಿ ಕಂಡಿದ್ದರು. 2002ರಲ್ಲಿ, ಲೆಪ್ಟಿನ್ ತಯಾರಿಸಲಾರದ ಆ ಮೊದಲ ತಳಿಯ ಇಲಿಯ ಮೇದಸ್ಸನ್ನೇ ತಂದು ಕಸಿಮಾಡಿ ನೋಡಿದರು. ಉಗ್ರಾಣವೇನೋ ದೊರೆಯಿತು, ರೋಗ ವಾಸಿಯಾಗಲಿಲ್ಲ. ಸ್ಥಳವೊಂದೇ ಸಾಲದು, ಓಲೆಯೂ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ. ಅದೇ 2002ರಲ್ಲಿ ಮೇದಸ್ಸು ಕ್ಷಯಿಸಿದ ಒಂಬತ್ತು ಮಂದಿ ಸ್ತ್ರೀರೋಗಿಗಳಿಗೆ ಅಮೆರಿಕದ ವೈದ್ಯರು ನಾಲ್ಕು ತಿಂಗಳ ಕಾಲ ಲೆಪ್ಟಿನ್ ಕೊಟ್ಟರು. ರಕ್ತದ ಸಕ್ಕರೆ ಇಳಿಯಿತು. ಯಕೃತ್ತಿನ ಗಾತ್ರ ಸರಾಸರಿ ಶೇಕಡಾ 28ರಷ್ಟು ಕುಗ್ಗಿತು.

ಮೇದಸ್ಸು ಕಳುಹಿಸುವ ಎರಡನೆಯ ಮುಖ್ಯ ಹಾರ್ಮೋನು ಅಡಿಪೊನೆಕ್ಟಿನ್. 1995 ಮತ್ತು 1996ರಲ್ಲಿ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಬೇರೆಬೇರೆ ಸಂಶೋಧಕರು ಅದನ್ನು ಸ್ವತಂತ್ರವಾಗಿ ಕಂಡುಹಿಡಿದರು. ರಕ್ತದಲ್ಲಿ ಲೆಪ್ಟಿನ್ನಿಗಿಂತ ಅದರ ಪ್ರಮಾಣ ನೂರಾರು ಪಟ್ಟು ಹೆಚ್ಚು. ಮೇದಸ್ಸಿನಿಂದ ಹುಟ್ಟುವ ವಸ್ತುವು ಮೇದಸ್ಸು ಬೆಳೆದಂತೆ ಬೆಳೆಯಬೇಕಷ್ಟೆ? 1999ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ತಂಡ ಇದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿತು: ಸ್ಥೂಲರಲ್ಲಿ ಅದು ಕಡಿಮೆ, ತೆಳ್ಳಗಿರುವವರಲ್ಲಿ ಹೆಚ್ಚು. ಯಕೃತ್ತಿಗೆ ಬಂದ ಅಡಿಪೊನೆಕ್ಟಿನ್ ಅಲ್ಲಿನ ಕೊಬ್ಬಿನಾಮ್ಲಗಳು ಉರಿದುಹೋಗುವಂತೆ ಪ್ರಚೋದಿಸುತ್ತದೆ, ಹೊಸ ಕೊಬ್ಬಿನ ತಯಾರಿಕೆಯನ್ನು ತಡೆಯುತ್ತದೆ, ಉರಿಯೂತವನ್ನು ಶಮನಗೊಳಿಸುತ್ತದೆ, ಇನ್ಸುಲಿನ್ನಿನ ಮಾತು ಯಕೃತ್ತಿಗೆ ಕೇಳಿಸುವಂತೆ ಮಾಡುತ್ತದೆ. ಇದನ್ನು ಯಕೃತ್ತಿನ ಆಪ್ತಮಿತ್ರನೆಂದು ಕರೆದರೆ ತಪ್ಪಾಗದು. 2007ರಲ್ಲಿ ಅಮೆರಿಕದ ಸಂಶೋಧಕರು ಲೆಪ್ಟಿನ್ನಿಲ್ಲದ ಸ್ಥೂಲ ಇಲಿಗಳಲ್ಲಿ ಅಡಿಪೊನೆಕ್ಟಿನ್ ಅಧಿಕವಾಗಿ ಹುಟ್ಟುವಂತೆ ಮಾಡಿದರು. ಆ ಇಲಿಗಳು ಇನ್ನೂ ಹೆಚ್ಚು ಸ್ಥೂಲವಾದವು. ಆದರೆ ಅವುಗಳ ರಕ್ತದ ಸಕ್ಕರೆ ಸಮಸ್ಥಿತಿಗೆ ಬಂದಿತು, ಯಕೃತ್ತಿನ ಕೊಬ್ಬು ತಗ್ಗಿತು. ಕೊಬ್ಬು ಎಷ್ಟಿದೆ ಎಂಬ ಪ್ರಶ್ನೆಗಿಂತ ಅದು ಎಲ್ಲಿದೆ, ಏನು ನುಡಿಯುತ್ತಿದೆ ಎಂಬ ಪ್ರಶ್ನೆ ಗುರುತರವೆಂದು ಈ ಇಲಿಗಳು ಸಾರಿದವು.

ಮೇದಸ್ಸಿನ ಓಲೆಗಳೆಲ್ಲ ಹಿತವಾದವುಗಳೇ ಅಲ್ಲ. ಮಿತಿಮೀರಿ ತುಂಬಿದ ಕೊಬ್ಬಿನ ಜೀವಕೋಶಗಳು ಹಿಗ್ಗಿ, ಪ್ರಾಣವಾಯು ಸಾಲದೆ, ಕೆಲವು ಸಾಯುತ್ತವೆ. ಸತ್ತವನ್ನು ಎತ್ತಿಹಾಕಲು ರಕ್ಷಕಕೋಶಗಳು ಗುಂಪುಗುಂಪಾಗಿ ಬರುತ್ತವೆಂದು 2003ರಲ್ಲಿ ತಿಳಿದುಬಂದಿತು. ಅಲ್ಲಿಂದ ಟಿಎನ್‌ಎಫ್ ಮುಂತಾದ ಉರಿಯೂತಕಾರಕ ವಸ್ತುಗಳು ಹೊರಡುತ್ತವೆ. ಸ್ಥೂಲ ಇಲಿಗಳ ಮೇದಸ್ಸಿನಲ್ಲಿ ಟಿಎನ್‌ಎಫ್ ಹುಟ್ಟಿ ಇನ್ಸುಲಿನ್ನಿಗೆ ಅಡ್ಡಿಮಾಡುವುದು 1993ರಲ್ಲಿಯೇ ಕಂಡಿತ್ತು. 2001ರಲ್ಲಿ ಸಿಕ್ಕಿದ ರೆಸಿಸ್ಟಿನ್ ಇಂಥದೇ ಇನ್ನೊಂದು. ಇಲಿಗಳಲ್ಲಿ ಅದು ಕೊಬ್ಬಿನ ಕೋಶದಿಂದಲೂ ಮನುಷ್ಯರಲ್ಲಿ ಮುಖ್ಯವಾಗಿ ಆ ರಕ್ಷಕಕೋಶಗಳಿಂದಲೂ ಹುಟ್ಟುವುದರಿಂದ ಅದರ ಮಹತ್ತ್ವದ ಬಗ್ಗೆ ಚರ್ಚೆ ಮುಗಿದಿಲ್ಲ. ಲೆಪ್ಟಿನ್ನಿಗೂ ಎರಡು ಮುಖಗಳಿವೆ. ಯಕೃತ್ತಿನ ಕೊಬ್ಬನ್ನು ತಗ್ಗಿಸುವ ಅದೇ ವಸ್ತುವು, ಈಗಾಗಲೇ ಗಾಯಗೊಂಡ ಯಕೃತ್ತಿನಲ್ಲಿ ನಾರುಗಟ್ಟಿಸುವ ಕೋಶಗಳನ್ನು ಪ್ರಚೋದಿಸುತ್ತದೆ. ಲೆಪ್ಟಿನ್ನಿಲ್ಲದ ಇಲಿಗಳ ಯಕೃತ್ತು ಕೊಬ್ಬಿನಿಂದ ತುಂಬಿದ್ದರೂ ಸುಲಭವಾಗಿ ನಾರುಗಟ್ಟದಿರುವುದು ಇದಕ್ಕೆ ಸಾಕ್ಷಿ.

ಮೇದಸ್ಸಿನ ನೆಲೆಯೂ ವಿಚಾರಾರ್ಹ. ತೊಡೆ, ಸೊಂಟಗಳ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ನಿರುಪದ್ರವಿ. ಹೊಟ್ಟೆಯೊಳಗೆ ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ವಪೆಯಲ್ಲಿ ಸೇರುವ ಕೊಬ್ಬು ಹಾಗಲ್ಲ. ಅಲ್ಲಿನ ರಕ್ತವೆಲ್ಲ ಪೋರ್ಟಲ್ ಎಂಬ ಅಭಿಧಮನಿಯ ಮೂಲಕ ನೇರವಾಗಿ ಯಕೃತ್ತಿಗೇ ಹೋಗುತ್ತದೆ. ಅಲ್ಲಿ ಕರಗಿದ ಕೊಬ್ಬೂ ಹುಟ್ಟಿದ ಉರಿಯೂತದ ವಸ್ತುಗಳೂ ಬೇರೆಲ್ಲೂ ಹಂಚಿಹೋಗದೆ ಮೊದಲು ಯಕೃತ್ತನ್ನೇ ಮುಟ್ಟುತ್ತವೆ.

ಈ ಮಾತು ಭಾರತೀಯರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 2004ರಲ್ಲಿ ತಮ್ಮ ಇಂಗ್ಲಿಷ್ ಮಿತ್ರ ಡಾ. ಜಾನ್ ಯೂಡ್ಕಿನ್ನರೊಡನೆ ನಿಂತು ತೆಗೆಸಿದ ಭಾವಚಿತ್ರವೊಂದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ದೇಹದ ಕೊಬ್ಬನ್ನು ಅಳೆದಾಗ ಯೂಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ತಕ್ಕಡಿ ಸಮನೆಂದು ಹೇಳಿದ ಇಬ್ಬರ ಒಳಗು ಬೇರೆಯಾಗಿತ್ತು. ಪುಣೆಯ ಸುತ್ತಣ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದಾಗಲೂ ಇದೇ ಕಂಡಿತು. ಅಲ್ಲಿನ ಶಿಶುವಿನ ತೂಕ ಸರಾಸರಿ 3.5 ಕಿಲೋ, ಇಲ್ಲಿನದು 2.7. ಮಾಂಸದಲ್ಲಿಯೂ ಹೊಟ್ಟೆಯ ಅಂಗಗಳಲ್ಲಿಯೂ ಬಡವಾಗಿದ್ದ ಈ ಕೂಸುಗಳ ಹೆಗಲೆಲುಬಿನ ಕೆಳಗಣ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ದಕ್ಷಿಣ ಏಷ್ಯದವರಲ್ಲಿ ಅಡಿಪೊನೆಕ್ಟಿನ್ ಐರೋಪ್ಯರಿಗಿಂತ ಕಡಿಮೆಯೆಂದೂ ಅನೇಕ ಪರೀಕ್ಷೆಗಳು ತೋರಿಸಿವೆ. ನೋಡಲು ಸಣಕಲಾಗಿರುವ ಉಪಾಧ್ಯಾಯನಿಗೋ ಗುಮಾಸ್ತನಿಗೋ ಯಕೃತ್ತಿನಲ್ಲಿ ಕೊಬ್ಬೆಂದರೆ ಮನೆಯವರು ನಂಬದಿರುವುದು ಸಹಜ. ಹೊಟ್ಟೆಯ ಸುತ್ತಳತೆ ತೆಗೆದರೆ ನಂಬಿಕೆ ಬರಬಹುದು. 2021ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ಈ ರೋಗವನ್ನು ಮಧುಮೇಹ, ಹೃದ್ರೋಗ ಮತ್ತು ಕ್ಯಾನ್ಸರುಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿಸಿತು.

ಚಿಕಿತ್ಸೆಯಲ್ಲಿ ತೂಕವನ್ನಿಳಿಸುವುದೇ ಇಂದಿಗೂ ಮೊದಲನೆಯದು. ದೇಹತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ಬಹುಜನರಲ್ಲಿ ತಗ್ಗುತ್ತವೆ. ಹತ್ತು ಪಾಲು ಅಥವಾ ಹೆಚ್ಚು ಇಳಿದವರಲ್ಲಿ ನಾರುಗಟ್ಟಿದ್ದೂ ಹಿಂದೆ ಸರಿದುದುಂಟು. ತೂಕ ಇಳಿಯದಿದ್ದರೂ ನಿತ್ಯದ ವ್ಯಾಯಾಮದಿಂದ ಯಕೃತ್ತಿನ ಕೊಬ್ಬು ಸ್ವಲ್ಪ ಕರಗುತ್ತದೆ. ಹಠದಿಂದ ದಿನಗಟ್ಟಲೆ ಉಪವಾಸ ಮಾಡಿ ಒಮ್ಮೆಲೇ ಇಳಿಸಲು ಹೋಗುವುದು ಹಿತವಲ್ಲ. ಆಗ ಮೇದಸ್ಸಿನ ಕೊಬ್ಬು ಪ್ರವಾಹವಾಗಿ ಯಕೃತ್ತಿಗೇ ಬರುತ್ತದೆ. ಔಷಧಗಳಲ್ಲಿ, ಮಧುಮೇಹಕ್ಕೆ ಕೊಡುವ ಪಿಯೊಗ್ಲಿಟಜೋನ್ ಎಂಬುದರ ರೀತಿ ವಿಚಿತ್ರವಾದುದು. ಅದನ್ನು ಸೇವಿಸಿದವರ ಅಡಿಪೊನೆಕ್ಟಿನ್ ಏರುತ್ತದೆ, ಯಕೃತ್ತಿನ ಕೊಬ್ಬು ಇಳಿಯುತ್ತದೆ, ದೇಹದ ತೂಕ ಮಾತ್ರ ಕೆಲವು ಕಿಲೋ ಹೆಚ್ಚುತ್ತದೆ. ಕೊಬ್ಬು ಯಕೃತ್ತನ್ನು ಬಿಟ್ಟು ಚರ್ಮದಡಿಯ ತನ್ನ ಸ್ವಸ್ಥಾನಕ್ಕೆ ಮರಳಿರುತ್ತದೆ. ಊತ, ಎಲುಬಿನ ಸವೆತ ಮುಂತಾದ ದೋಷಗಳಿರುವುದರಿಂದ ಅದನ್ನು ವೈದ್ಯರ ವಿವೇಚನೆಯಿಲ್ಲದೆ ಮುಟ್ಟಬಾರದು. ಮೇದಸ್ಸಿಲ್ಲದವರಿಗಾಗಿ ತಯಾರಿಸಿದ ಲೆಪ್ಟಿನ್ನಿನ ಔಷಧಕ್ಕೆ ಅಮೆರಿಕ 2014ರಲ್ಲಿ ಅನುಮತಿ ಕೊಟ್ಟಿತು. ಉರಿಯೂತ ಹುಟ್ಟಿ ನಾರುಗಟ್ಟತೊಡಗಿದ ಯಕೃತ್ತಿಗೆಂದೇ ಅಲ್ಲಿ ಅನುಮತಿ ಪಡೆದ ಮೊದಲ ಔಷಧ ರೆಸ್ಮೆಟಿರೋಮ್, ವರ್ಷ 2024. ಅದು ವರ್ತಿಸುವುದು ಮೇದಸ್ಸಿನ ಓಲೆಗಳ ಮೂಲಕವಲ್ಲ; ಥೈರಾಯಿಡ್ ಹಾರ್ಮೋನಿನ ಸಂದೇಶವನ್ನು ಯಕೃತ್ತಿನಲ್ಲಿ ಗ್ರಹಿಸುವ ಕೋಶಭಾಗವನ್ನು ಅದು ಎಬ್ಬಿಸುತ್ತದೆ. ಅಡಿಪೊನೆಕ್ಟಿನ್ನನ್ನೇ ಔಷಧವಾಗಿ ಕೊಡುವ ಪ್ರಯತ್ನ ಇನ್ನೂ ಚಿಕಿತ್ಸಾಲಯವನ್ನು ಮುಟ್ಟಿಲ್ಲ. ಅದರ ಕಣಗಳು ಮೂರು, ಆರು, ಹದಿನೆಂಟರಂತೆ ಗುಂಪುಗಟ್ಟಿ ವರ್ತಿಸುವುದರಿಂದ ಅದನ್ನು ತಯಾರಿಸುವುದೇ ಕಷ್ಟವಾಗಿದೆ.